ಏಳನೇ ತರಗತಿಯ ಕಾಲಂನಲ್ಲಿ ಅಡ್ಡಗೆರೆಯಾದ ನನ್ನ ಮಗಳು

ಇಂದ:
ಏಳನೇ ತರಗತಿ ವಿದ್ಯಾರ್ಥಿನಿಯ ತಾಯಿ,
ಜೆರಾಕ್ಸ್ ಅಂಗಡಿ, ಶಾಲೆಯ ಗೇಟಿನ ಎದುರು.

ಗೆ:
ಮುಖ್ಯಸ್ಥರು, ಅಂಕಿ-ಅಂಶ ವಿಭಾಗ,
ಶಾಲಾ ಶಿಕ್ಷಣ ಇಲಾಖೆ, ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಪ್ರತಿದಿನ ಶಾಲೆಗೆ ಹೋಗುತ್ತಿರುವ ನನ್ನ ಮಗಳು ಶಾಲೆಯಲ್ಲಿ ಇದ್ದಾಳೆಂದು ಒಪ್ಪಿಕೊಳ್ಳುವ ಬಗ್ಗೆ.

ಉಲ್ಲೇಖ: ೧) ಇಲಾಖೆಯ ಜಾಲತಾಣದಲ್ಲಿ ಸದರಿ ಶಾಲೆಯ ಪುಟ.
೨) ತಮ್ಮ ಗುಮಾಸ್ತರು ಊಟಕ್ಕೆ ಏಳುವ ಮುನ್ನ ಬಾಯಿಮಾತಿನಲ್ಲಿ ಕೊಟ್ಟ ಸಲಹೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನಮ್ಮ ಶಾಲೆಯ ಪಾಲಕರ ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಹಲ್ಲು ಕೀಳಿಸಿಕೊಳ್ಳುವವರು ಯಾರೂ ಬಾರದ ದಿನ ಇಲಾಖೆಯ ಜಾಲತಾಣ ತೆರೆದು, ಯಾವ ವರ್ಷ ಎಷ್ಟು ಗಂಡು, ಎಷ್ಟು ಹೆಣ್ಣು ಎಂದು ಗ್ರಾಫ್ ಹಾಕುತ್ತಾರೆ. ಏಳನೇ ತರಗತಿಯಲ್ಲಿ ಹೆಣ್ಣುಮಕ್ಕಳು ಮೊದಲು ಹನ್ನೊಂದು, ಆಮೇಲೆ ಏಳು, ಹೋದ ವರ್ಷ ಐದು. ಈ ವರ್ಷ ಆ ಜಾಗದಲ್ಲಿ ಬರೀ ಒಂದು ಅಡ್ಡಗೆರೆ.

೨. ಐದಕ್ಕಿಂತ ಕಡಿಮೆ ಮಕ್ಕಳಿದ್ದರೆ, ಯಾರೆಂದು ಗುರುತು ಸಿಗದಿರಲೆಂದು ಸಂಖ್ಯೆಯ ಬದಲು ಗೆರೆ ಹಾಕುವುದು ನಿಯಮವೆಂದು ಪುಟದ ಅಡಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಬರೆದಿದೆ. ಉದ್ದೇಶ ಒಳ್ಳೆಯದೇ. ಆದರೆ ಸಂಘದವರು ಅಡಿಟಿಪ್ಪಣಿ ಓದುವ ಪೈಕಿ ಅಲ್ಲವಾದ ಕಾರಣ ಗೆರೆಯನ್ನು ಸೊನ್ನೆ ಎಂದು ತಿಳಿದರು. ನಿಜಕ್ಕೂ ಇದ್ದವರು ಇಬ್ಬರು: ನನ್ನ ಮಗಳು, ಟೈಲರ್ ಮಗಳು.

೩. ಸಂಘದ ಸಭೆಯಲ್ಲಿ ಡಾಕ್ಟರು ಗೋಡೆಯ ಮೇಲೆ ಗ್ರಾಫ್ ತೋರಿಸಿ, "ನೋಡಿ, ಹೆಣ್ಮಕ್ಕಳು ಪೂರ್ತಿ ಖಾಲಿ" ಎಂದರು. ಸಮವಸ್ತ್ರದಲ್ಲೇ ನನ್ನ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದ ಮಗಳನ್ನು ಎಬ್ಬಿಸಿ ನಿಲ್ಲಿಸಿದೆ.

"ಡಾಕ್ಟ್ರೇ, ಹಾಗಾದ್ರೆ ಇವಳು ಯಾರು?"

"ಅಮ್ಮಾ, ಒಂದು ಮಗು ಇಟ್ಕೊಂಡು ತೀರ್ಮಾನಕ್ಕೆ ಬರೋಕಾಗಲ್ಲ. ನೀವು ಹೇಳ್ತಿರೋದು ನಿಮ್ಮನೆ ವಿಷಯ. ಇದು ಸರ್ಕಾರದ ಲೆಕ್ಕ."

ಮಗಳು ಬಾಯಲ್ಲಿದ್ದ ಬಿಸ್ಕತ್ತು ನುಂಗದೆ ಹಾಗೇ ಕೂತಳು.

೪. ಮುಂದಿನ ವಾರ ಟೈಲರ್ ಅಣ್ಣ ಮಗಳ ಟಿ.ಸಿ. ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೇ ಬಂದರು.

"ಅಣ್ಣಾ, ಜೊತೆಗೆ ನನ್ನ ಮಗಳಿದ್ದಾಳಲ್ಲ?"

"ಗೊತ್ತಮ್ಮ. ಆದ್ರೆ ಎಲ್ಲರೂ ಬಿಡಿಸಿದ್ದಾರಂತೆ. ಅಷ್ಟು ಜನ ಸುಮ್ಮನೆ ಬಿಡಿಸ್ತಾರಾ?"

ಈ ವರ್ಷ ಬಿಡಿಸಿದ್ದು ಅವರೊಬ್ಬರೇ. ಸದರಿ ಜೆರಾಕ್ಸ್ ನಾನೇ ಮಾಡಿಕೊಟ್ಟೆ, ಅದೂ ಎರಡು ಪ್ರತಿ.

೫. ಹುಡುಗಿಯರಿಬ್ಬರೂ ಬಿಡುವಿನಲ್ಲಿ ಹಗ್ಗದ ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಒಬ್ಬಳು ತಿರುಗಿಸಿದರೆ ಇನ್ನೊಬ್ಬಳು ಹಾರುತ್ತಿದ್ದರು. ಈಗ ನನ್ನ ಮಗಳು ತಿರುಗಿಸುತ್ತಾಳೆ, ಹಾರುವವರಿಲ್ಲ. ಹುಡುಗರನ್ನು ಕರೆದರೆ "ಅದು ಹುಡುಗೀರ ಆಟ" ಎಂದು ಓಡುತ್ತಾರೆ. ಅರ್ಜಿಯಲ್ಲಿ ಇಂಥದ್ದೆಲ್ಲ ಬರೆಯಬಾರದೆಂದು ಬಲ್ಲೆ. ಆದರೂ ಅಂಗಡಿಯಿಂದ ದಿನಾ ಕಾಣುವುದು ಅದೇ, ಸ್ವಾಮಿ.

೬. ಆದ್ದರಿಂದ ತಮ್ಮ ಕಚೇರಿಗೆ ಬಂದು ವಿಚಾರಿಸಲಾಗಿ ಗುಮಾಸ್ತರು, "ಐದಾದ್ರೆ ನಂಬರ್ ತಾನಾಗೇ ಬರುತ್ತಮ್ಮ. ಇನ್ನು ನಾಲ್ಕು ಹುಡುಗೀರನ್ನ ಸೇರಿಸಿ, ನಿಮ್ಮ ಮಗಳನ್ನ ತೋರಿಸ್ತೀವಿ" ಎಂದರು. ಅದರಂತೆ ನಾಲ್ಕು ಮನೆಗೆ ಹೋದೆ. ನಾಲ್ಕೂ ಮನೆಯವರು ಮೊಬೈಲಿನಲ್ಲಿ ಜಾಲತಾಣ ತೆರೆದು, "ಒಬ್ಬಳೂ ಇಲ್ವಲ್ಲ, ಹೇಗೆ ಕಳಿಸೋದು?" ಎಂದರು. ಅಂದರೆ ಅವಳು ಕಾಣಬೇಕಾದರೆ ನಾಲ್ವರು ಬರಬೇಕು, ನಾಲ್ವರು ಬರಬೇಕಾದರೆ ಅವಳು ಕಾಣಬೇಕು. ಮಗಳ ಗುರುತನ್ನು ಇಷ್ಟು ಚೆನ್ನಾಗಿ ಕಾಪಾಡಿದ್ದಕ್ಕೆ ಇಲಾಖೆಗೆ ಋಣಿಯಾಗಿದ್ದೇನೆ.

ಕಾರಣ, ಸದರಿ ಗೆರೆಯನ್ನು ಅಳಿಸಿ '೧' ಎಂದು ನಮೂದಿಸಬೇಕಾಗಿ ಪ್ರಾರ್ಥನೆ. ಗುರುತು ಬಯಲಾಗುವ ಬಗ್ಗೆ ಮಗಳ ಆಕ್ಷೇಪಣೆ ಇಲ್ಲ. ಕೇಳಿದ್ದಕ್ಕೆ, "ಗೊತ್ತಾಗ್ಲಿ ಬಿಡಮ್ಮ. ಗೊತ್ತಾದ್ರೆ ತಾನೇ ಯಾರಾದ್ರೂ ಬರೋದು" ಎಂದಿದ್ದಾಳೆ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
(ಸಹಿ)

ಅಡಕಗಳು:
೧. ಡಾಕ್ಟರ ಗ್ರಾಫ್: ನಕಲು.
೨. ಜಾಲತಾಣದ ಪುಟ, ಅಡಿಟಿಪ್ಪಣಿಯನ್ನು ದೊಡ್ಡದು ಮಾಡಿದ್ದು: ನಕಲು.
೩. ಮಗಳು: ಮೂಲಪ್ರತಿ. ಬೇರೆ ಪ್ರತಿ ಇರುವುದಿಲ್ಲ. ತಮ್ಮ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದೇನೆ. ದಯವಿಟ್ಟು ಒಮ್ಮೆ ಎದ್ದು ಬಂದು ಎಣಿಸಿ, ಹಿಂತಿರುಗಿಸುವುದು.