ಸುಡೋ ಅಲ್ಲ, ಸುಡ್ರಿ!

ಇಪ್ಪತ್ತಾರು ವರ್ಷಗಳಿಂದ ಸುರಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನು ಹಳೆಗನ್ನಡದ ಎಂಥೆಂಥ ಗಂಟುಗಳನ್ನು ಬಿಡಿಸಿದವನು. ಯಃಕಶ್ಚಿತ್ ಒಂದು ಲ್ಯಾಪ್‌ಟಾಪು ನನ್ನನ್ನು ಏನು ಮಾಡೀತು? ಹೀಗಂದುಕೊಂಡದ್ದು ಒಂದು ಶನಿವಾರ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಉತ್ತರ ಸಿಕ್ಕಿತು!

ಲ್ಯಾಪ್‌ಟಾಪು ನನ್ನದಲ್ಲ, ನನ್ನ ಹೆಂಡತಿ ಸುಮಂಗಲಾಳದ್ದು. ಅವಳು ದೇವಾಪುರದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಸೋಮವಾರ ಅವಳ ಮಾದರಿ ಪಾಠವಿತ್ತು. ಯಾದಗಿರಿಯಿಂದ ಅಧಿಕಾರಿಗಳು ಬಂದು ಹಿಂದಿನ ಬೆಂಚಿನಲ್ಲಿ ಕೂರುವವರಿದ್ದರು. ಬೀಜ ಹೇಗೆ ಮೊಳಕೆಯೊಡೆಯುತ್ತದೆ ಎಂಬುದು ಪಾಠ. ಅದಕ್ಕಾಗಿ ರಂಗಂಪೇಟೆಯ ನಮ್ಮ ಮನೆಯ ಅಡುಗೆಕೋಣೆ ಕಿಟಕಿಯಲ್ಲಿ ಗಾಜಿನ ಲೋಟವಿಟ್ಟು, ಒದ್ದೆ ಅರಳೆಯ ಮೇಲೆ ತೊಗರಿಕಾಳು ಕೂರಿಸಿ, ದಿನಕ್ಕೊಂದರಂತೆ ಹನ್ನೊಂದು ದಿನ ಫೋಟೊ ತೆಗೆದಿದ್ದಳು. ಅವನ್ನು ಪರದೆಯ ಮೇಲೆ ಒಂದರ ಹಿಂದೊಂದು ಓಡಿಸಿದರೆ ಕಾಳು ಕಣ್ಣೆದುರಿಗೇ ಚಿಗುರುತ್ತಿತ್ತು. ಶಾಲೆಯಲ್ಲಿ ಪ್ರೊಜೆಕ್ಟರ್ ಇತ್ತು, ಕಂಪ್ಯೂಟರ್ ಕೆಟ್ಟಿತ್ತು. ಲ್ಯಾಪ್‌ಟಾಪು ಮನೆಯಿಂದಲೇ ಹೋಗಬೇಕು. ಅದೋ, ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಇನ್ನೂ ಚಕ್ರ ತಿರುಗಿಸುತ್ತ ಕೂತಿರುತ್ತಿತ್ತು.

"ಸಾಹೇಬ್ರ ಮುಂದ ಇದು ಕೈ ಕೊಟ್ರ ನನ್ನ ಗತಿ ಏನ್ರೀ?" ಅಂದಳು ಸುಮಂಗಲಾ.

"ಫಿಕರ್ ಮಾಡಬ್ಯಾಡ. ಇದರಾಗಿನ ವಿಂಡೋಸ್ ತಗದು ಲಿನಕ್ಸ್ ಹಾಕಿಬಿಡ್ತೀನಿ. ಕುದುರಿ ಓಡಿದಂಗ ಓಡ್ತದ!"

ಈ ಮಾತು ನನ್ನ ಕಿವಿಗೆ ಬಿದ್ದದ್ದು ಸ್ಟಾಫ್ ರೂಮಿನಲ್ಲಿ. ಲಿನಕ್ಸ್ ಬಗ್ಗೆ ನನಗಿದ್ದ ಸಮಗ್ರ ಜ್ಞಾನ ಅಷ್ಟೇ. ಸುಮಂಗಲಾ ಫೋಟೊಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ, ಅದನ್ನು ತನ್ನ ಬ್ಯಾಗಿನಲ್ಲಿಟ್ಟು, ಜಿಪ್ಪು ಎಳೆದುಕೊಂಡಳು.

ಶಹಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಹಿಬೂಬ ನನ್ನ ಹಳೆಯ ವಿದ್ಯಾರ್ಥಿ. ಈಗ ಇಬ್ಬರು ಮಕ್ಕಳ ತಂದೆ. ಬಸ್ಸಿಳಿದು ನೇರ ಅವನಲ್ಲಿಗೆ ಹೋಗಿ, ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೇಳಿದಂತೆ ಕೇಳಿದೆ.

"ಒಂದು ಲಿನಕ್ಸ್ ಕೊಡಪ್ಪ."

"ಯಾವ್ದು ಕೊಡ್ಲಿ ಸರ?"

"ಯಾವ್ದು ಅಂದ್ರ? ಲಿನಕ್ಸ್!"

"ಲಿನಕ್ಸ್ ಅಂದ್ರ ಒಂದೇ ಇರಂಗಿಲ್ರಿ ಸರ, ನೂರಾರು ನಮೂನಿ ಅದಾವ. ಒಳಗಿನ ಇಂಜಿನ್ ಒಂದೇ, ಮ್ಯಾಲಿನ ಬಾಡಿ ಬ್ಯಾರೆ ಬ್ಯಾರೆ," ಎಂದು ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿದ್ದ ನಾಲ್ಕೈದು ಪೆನ್‌ಡ್ರೈವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

ತಾಂತ್ರಿಕ ವಿಚಾರ ತಿಳಿಯದವನು ಏನು ಮಾಡಬೇಕು? ಭಾಷಾಶಾಸ್ತ್ರದ ಮೊರೆ ಹೋದೆ. ಫೆಡೋರಾ ಅಂದರೆ ಒಂದು ಬಗೆಯ ಟೋಪಿಯಂತೆ. ನನಗೆ ಟೋಪಿ ಹಾಕಿದವರು ಈಗಾಗಲೇ ಬೇಕಾದಷ್ಟು ಜನರಿದ್ದಾರೆ, ಕೈಯಾರೆ ನಾನೇ ಹಾಕಿಕೊಳ್ಳುವುದು ಬೇಡವೆನಿಸಿತು. ಉಬುಂಟು? ಲಘು, ಗುರು, ಲಘು. ಜಗಣ! ಕಾವ್ಯಾರಂಭಕ್ಕೆ ಜಗಣ ಶುಭವಲ್ಲ. ಅದನ್ನೂ ಪಕ್ಕಕ್ಕೆ ಸರಿಸಿದೆ.

ಮಹಿಬೂಬ ಬಹಳ ತಾಳ್ಮೆಯವನು. "ಮಿಂಟ್ ಒಯ್ರಿ ಸರ. ಹೊಸಬರಿಗೆ ಅದೇ ಛಲೋ."

ಹೊಸಬರಿಗೆ! ತಲೆಗೂದಲು ಹಣ್ಣಾದ ಮೇಲೆ ನಾನು ಹೊಸಬ! ಅದೂ ಅಲ್ಲದೆ ಮಿಂಟ್ ಅಂದರೆ ಪುದೀನಾ. ಮಾದರಿ ಪಾಠಕ್ಕೆ ಹೋಗುವುದೋ, ಚಟ್ನಿ ಅರೆಯುವುದೋ?

"ಆ ಕಡೀಗಿಂದು ಯಾವ್ದು?" ಅಂದೆ ಗಡುಸಾಗಿ.

"ಅದು ಬ್ಯಾಡ್ರಿ ಸರ. ಅದು ಪಂಡಿತರು ಹಾಕ್ಕೊಳ್ಳೋದು."

ಕನ್ನಡ ಪಂಡಿತನ ಮುಂದೆ ಇಂಥ ಮಾತೇ? "ಅದನ್ನೇ ಕೊಡು!" ಅಂದೆ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಪಾಪ, ಅದರದ್ದೇನೂ ತಪ್ಪಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕಾರ್ಯಾರಂಭ ಮಾಡಿದೆ. ಮೊದಲಿಗೇ ಯಾವ ಭಾಷೆ ಬೇಕೆಂದು ಕೇಳಿತು. ಪಟ್ಟಿಯಲ್ಲಿ ಕನ್ನಡವಿತ್ತು! ಮೈಮೇಲೆ ಮುಳ್ಳೆದ್ದವು. ಹೆಮ್ಮೆಯಿಂದ ಕನ್ನಡವನ್ನೇ ಒತ್ತಿದೆ. ಆಮೇಲೆ ಅದು ಕನ್ನಡದಲ್ಲಿ ಕೇಳತೊಡಗಿದ ಪ್ರಶ್ನೆಗಳಲ್ಲಿ ಒಂದೂ ನನಗೆ ತಿಳಿಯಲಿಲ್ಲ. ವಿಭಜನೆಯಂತೆ, ಆರೋಹಣ ತಾಣವಂತೆ! ಕನ್ನಡ ಎಂ.ಎ. ಮಾಡಿದವನು ಕನ್ನಡ ತಿಳಿಯದೆ ಬೆವರುತ್ತ ಕೂತೆ. ಕೇಳಿದ್ದಕ್ಕೆಲ್ಲ "ಹೌದು" ಎನ್ನುತ್ತ ಹೋದೆ. ಕೊನೆಗೆ ಒಂದು ಪಟ್ಟಿ ಬಂತು. ಅದರಲ್ಲಿ "ಗಣಕತೆರೆ ಪರಿಸರ" ಎಂಬುದರ ಮುಂದೆ ಗುರುತು ಬಿದ್ದಿತ್ತು. ಪರಿಸರ ಅಂದರೆ ವಿಜ್ಞಾನದ ಮೇಷ್ಟ್ರ ವಿಷಯ, ನಮಗೇಕೆ? ಯಂತ್ರ ಹಗುರಾಗಲಿ ಎಂದು ಆ ಗುರುತನ್ನು ತೆಗೆದುಬಿಟ್ಟೆ.

ಅದೇ ಚಿತ್ರ, ಬಣ್ಣ, ಕಿಟಕಿ ಎಲ್ಲವನ್ನೂ ತೋರಿಸುವ ಭಾಗವೆಂದು ಆಗ ನನಗೇನು ಗೊತ್ತು? ಲ್ಯಾಪ್‌ಟಾಪು ಮತ್ತೆ ಶುರುವಾದಾಗ ಪರದೆ ಕರಿಹಲಗೆಯಷ್ಟು ಕಪ್ಪಾಗಿತ್ತು. ಮೂಲೆಯಲ್ಲೊಂದು ಬಿಳಿಗೆರೆ ಮಿಣಮಿಣ ಅನ್ನುತ್ತಿತ್ತು. ಹನ್ನೊಂದು ಫೋಟೊ ಹೋಗಲಿ, ಒಂದು ಚುಕ್ಕೆ ತೋರಿಸುವ ಲಕ್ಷಣವೂ ಇರಲಿಲ್ಲ.

ಮಹಿಬೂಬನಿಗೆ ಫೋನು ಮಾಡಿದೆ. ಅವನು ಮುದನಾಳದಲ್ಲಿ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿದ್ದ. ಸುತ್ತ ಬ್ಯಾಂಡಿನ ಗದ್ದಲ.

"ಘಾಬರಿ ಆಗಬ್ಯಾಡ್ರಿ ಸರ, ನಾ ಹೇಳ್ದಂಗ ಹೊಡೀರಿ. ಮೊದಲ... ಸುಡೋ!"

"ಏನಂದಿ?"

"ಸುಡೋ, ಸರ! ಸುಡೋ!"

ಪಿತ್ತ ನೆತ್ತಿಗೇರಿತು. ಕ್ಲಾಸಿನಲ್ಲಿ ತಲೆ ಎತ್ತಿ ಮಾತಾಡದಿದ್ದವನು ಈಗ ಗುರುವಿಗೆ ಏಕವಚನ! "ಏನೋ ಮಹಿಬೂಬ, ಮೇಷ್ಟ್ರಿಗೆ ಸುಡೋ ಅಂತೀ? ನಾಲಿಗೆ ಭಾಳ ಉದ್ದ ಆಗ್ಯಾದೇನು?"

ಗದ್ದಲದಲ್ಲಿ ಅವನಿಗೆ "ಮೇಷ್ಟ್ರಿಗೆ ಸುಡೋ ಅಂತೀ" ಎಂಬುದಷ್ಟೇ ಕೇಳಿಸಿರಬೇಕು. ಹೆದರಿ, "ತಪ್ಪಾತ್ರಿ ಸರ! ಸುಡ್ರಿ, ಸುಡ್ರಿ!" ಅಂದ.

ಹಾಗೆ ದಾರಿಗೆ ಬಾ! ಸಮಾಧಾನದಿಂದ ಇಂಗ್ಲಿಷ್ ಅಕ್ಷರಗಳಲ್ಲಿ "ಸುಡ್ರಿ" ಎಂದೇ ಹೊಡೆದೆ. ಅಂಥ ಆಜ್ಞೆಯೇ ಇಲ್ಲ ಎಂದಿತು ಯಂತ್ರ. ಇನ್ನಷ್ಟು ಗೌರವ ಬೇಕೇನೋ ಎಂದು "ಸುಡಿರಿ" ಎಂದು ಗ್ರಾಂಥಿಕವಾಗಿ ಹೊಡೆದೆ. ಅದೂ ಇಲ್ಲ!

"ಸುಡ್ರಿ ಅಂದ್ರೂ ಕೇಳವಲ್ದು, ಸುಡಿರಿ ಅಂದ್ರೂ ಕೇಳವಲ್ದು!" ಎಂದು ಫೋನಿನಲ್ಲಿ ಕೂಗಿದೆ.

ಅಡುಗೆಮನೆಯಲ್ಲಿ ಬದನೆಕಾಯಿ ಸುಡುತ್ತಿದ್ದ ಸುಮಂಗಲಾ ತುಂಬಿದ ಕೊಡ ಹಿಡಿದು ಓಡಿಬಂದಳು. "ಏನ್ ಸುಡಾಕತ್ತೀರಿ? ಲ್ಯಾಪ್‌ಟಾಪಿಗೆ ಬೆಂಕಿ ಹತ್ತ್ಯಾದೇನು?"

"ನೀರು ಹಾಕಬ್ಯಾಡ!" ಎಂದು ಲ್ಯಾಪ್‌ಟಾಪನ್ನು ಎದೆಗವಚಿಕೊಂಡೆ. ಮುಕ್ಕಾಲು ಕೊಡ ನನ್ನ ಬೆನ್ನ ಮೇಲೆ ಬಿತ್ತು.

ಸುಡೋ ಎಂಬುದು ಯಜಮಾನನ ಅಧಿಕಾರದಿಂದ ಯಂತ್ರಕ್ಕೆ ಕೊಡುವ ಇಂಗ್ಲಿಷ್ ಆಜ್ಞೆಯೆಂದು ಮಹಿಬೂಬ ಅಕ್ಷರ ಬಿಡಿಸಿ ಹೇಳುವ ಹೊತ್ತಿಗೆ ಅವನ ಎಲೆಯ ಮೇಲಿನ ಊಟ ಆರಿತ್ತು. ಒದ್ದೆ ಅಂಗಿಯಲ್ಲೇ ಸರಿಯಾಗಿ ಹೊಡೆದೆ. ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ. ಕೀಲಿಮಣೆ ಸತ್ತಿತೆಂದು ಎರಡು ಗುದ್ದಿದೆ. "ಅದು ಕಾಣಂಗಿಲ್ರಿ ಸರ, ಸುಮ್ನ ಹೊಡೀರಿ," ಅಂದ ಮಹಿಬೂಬ. ಹೊಡೆದೆ. ಆಗ ಉತ್ತರ ಬಂತು. ಅಧಿಕಾರವುಳ್ಳವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು!

ನಾನು ಸರ್ಕಾರಿ ನೌಕರ. ವರದಿ ಅಂದರೆ ಕೈಕಾಲು ತಣ್ಣಗಾಗುತ್ತವೆ. "ಯಾರಿಗೆ ವರದಿ ಮಾಡ್ತದೋ ಮಹಿಬೂಬ? ನಾಳೆ ಬರೋ ಸಾಹೇಬ್ರಿಗಂತೂ ಅಲ್ಲಲ್ಲ?"

ಸುಮಂಗಲಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಅಂಗೈಯಲ್ಲಿಟ್ಟುಕೊಂಡು, "ಹನ್ನೊಂದು ದಿನ ಒಂದೇ ಹೊತ್ತಿಗೆ, ಒಂದೇ ಬೆಳಕಿನಾಗ ತಗದಿದ್ದೆ ನೋಡ್ರಿ," ಅಂದಳು. ಅಷ್ಟೇ. ನನಗೆ ಬಹಳ ನಾಚಿಕೆಯಾಯಿತು. ಅವಳೇ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಮಹಿಬೂಬ, ಮೊದಲ ಹೊಟ್ಟಿತುಂಬ ಊಟ ಮಾಡು. ಆಮ್ಯಾಲ ಒಂದೀಟು ನಮ್ಮ ಮನಿಗೆ ಬಂದು ಹೋಗಪ್ಪ," ಅಂದಳು.

ಸಂಜೆ ಐದಕ್ಕೆ ಮಹಿಬೂಬ ಮದುವೆಯ ಹೊಸ ಬಟ್ಟೆಯಲ್ಲೇ ಬೈಕಿನಲ್ಲಿ ಬಂದಿಳಿದ. ಕಿಸೆಯಿಂದ ಮಿಂಟ್ ತೆಗೆದ. ನಾನು ಅಂಗಿ ಬದಲಿಸಿ ಹೊರಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು. ಪರದೆಯ ಮೇಲೆ ಕಾಳು ಬಿರಿದು, ಬೇರು ಇಳಿದು, ಎರಡು ಎಲೆ ಬಿಚ್ಚಿಕೊಂಡವು. ಸುಮಂಗಲಾ ಅದನ್ನು ನಾಲ್ಕು ಸಲ ಓಡಿಸಿ ನೋಡಿದಳು.

ಸೋಮವಾರ ಮನೆಗೆ ಬಂದಾಗ ಅವಳ ಮುಖ ಅರಳಿತ್ತು. "ಮೊಳಕಿ ಹೊರಗ ಬಂದ ಕೂಡಲೇ ಹುಡುಗರು ಚಪ್ಪಾಳಿ ಹೊಡದ್ರು ನೋಡ್ರಿ, ಸಾಹೇಬ್ರೂ ಹೊಡದ್ರು! ಲ್ಯಾಪ್‌ಟಾಪ್ ಇಷ್ಟು ಚುರುಕು ಯಾರು ಮಾಡಿಕೊಟ್ರು ಅಂತ ಕೇಳಿದ್ರು."

ನಾನು ಕಾಲರ್ ಸರಿಮಾಡಿಕೊಂಡೆ. "ಏನಂದಿ?"

"ಮಹಿಬೂಬನ ನಂಬರ್ ಕೊಟ್ಟೆ."

ಇರಲಿ. ಅವಳ ಪಾಠ ಗೆದ್ದಿತಲ್ಲ, ನನಗೆ ನಿಜಕ್ಕೂ ಸಂತೋಷವಾಗಿತ್ತು. ಆ ಹುರುಪಿನಲ್ಲೇ ಈ ಕಥೆಯನ್ನೆಲ್ಲ ಬರೆಯೋಣವೆಂದು ಲ್ಯಾಪ್‌ಟಾಪು ತೆರೆದೆ. ಎರಡು ಪುಟ ಬರೆದು ಉಳಿಸಲು ಹೋದರೆ, ನಿಮಗೆ ಬರೆಯುವ ಅಧಿಕಾರವಿಲ್ಲ ಎಂದಿತು! ಮಹಿಬೂಬನನ್ನು ಕೇಳಿದೆ.

"ಸುಮಂಗಲಾ ಅಕ್ಕೋರೇ ಹಂಗ ಮಾಡು ಅಂದಾರ್ರಿ ಸರ. ಸರ್ ಬೇಕಾದಷ್ಟು ನೋಡ್ಲಿ, ಏನೂ ಮುಟ್ಟೋದು ಬ್ಯಾಡ ಅಂತ."

ಆದ್ದರಿಂದ ಇದನ್ನು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಪೆನ್ನಿನಿಂದ ಬರೆದಿದ್ದೇನೆ. ಟೈಪ್ ಮಾಡಿಕೊಡು ಎಂದು ಸುಮಂಗಲಾಳಿಗೆ ಕೊಟ್ಟಿದ್ದೇನೆ. ಓದಿ ನೋಡಿ, ಆಮೇಲೆ ಹೇಳುತ್ತೇನೆ ಅಂದಿದ್ದಾಳೆ!