ಅಕ್ಕಿ ಮೂಟೆ ಹಿಂದಿನ ದನಿ

ವಾಸಿಂನ ಸಿ.ಡಿ. ಮುರಿದದ್ದು ಒಂದು ಹಲಸಿನ ಹಣ್ಣಿನಿಂದ.

ಹಾರೋಹಳ್ಳಿಯಿಂದ ಮರಳವಾಡಿ ಕಡೆಗೆ ಹೋಗುವ ಬಸ್ಸು ಕಿಕ್ಕಿರಿದಿತ್ತು. ಅವನಿಗೆ ಹೇಗೋ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ನಿಂತಿದ್ದ ಒಬ್ಬಾಕೆ, "ಒಸಿ ಇಟ್ಕಳಪ್ಪ, ಇಲ್ಲೇ ಮುಂದೆ ಇಳ್ಕತೀನಿ" ಎಂದು ಎಳೆಗೂಸನ್ನು ಮಲಗಿಸುವಂತೆ ಹಣ್ಣನ್ನು ಅವನ ತೊಡೆಯ ಮೇಲಿಟ್ಟಳು. ತೊಡೆಯ ಮೇಲೆ ಚೀಲವಿತ್ತು, ಚೀಲದೊಳಗೆ ಸಿ.ಡಿ. ಇತ್ತು. "ಅಮ್ಮಾ, ಒಳಗೆ ಸಿ.ಡಿ. ಇದೆ" ಎನ್ನಲು ವಾಸಿಂ ಬಾಯಿ ತೆರೆದ. ಮಾತು ಹೊರಡಲಿಲ್ಲ. ಎದುರಿಗೆ ಮನುಷ್ಯರಿದ್ದರೆ ಅವನ ನಾಲಿಗೆ, ಬೆಲ್ಟು ಹರಿದ ಹಿಟ್ಟಿನ ಗಿರಣಿಯಂತೆ ನಿಂತುಬಿಡುತ್ತಿತ್ತು. ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಚೀಲದೊಳಗೆ ಟಪ್ ಎಂದಿತು.

ವಾಸಿಂ ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಯವನು. ಕಂಪ್ಯೂಟರ್ ಓದಿಕೊಂಡು, ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಪಾಠ ತಯಾರಿಸುವ ಕನಕಪುರದ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಅವನ ಪಾಠದಲ್ಲಿ ಮರದ ಬುಗುರಿ ತಿರುಗುತ್ತ ತಿರುಗುತ್ತ ಭಿನ್ನರಾಶಿಯಾಗಿ ಒಡೆಯುತ್ತಿತ್ತು. ಬಣ್ಣದ ಕುದುರೆ ಮಗ್ಗಿ ಹೇಳುತ್ತ ಓಡುತ್ತಿತ್ತು. ಪಾಠ ನೋಡಿದವರೆಲ್ಲ ಮೆಚ್ಚುತ್ತಿದ್ದರು. ಮಾಡಿದವನನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮೀಟಿಂಗುಗಳಲ್ಲಿ ಅವನು ಬೀರುವಿನ ಮರೆ ನೋಡಿಕೊಂಡು ಕೂರುತ್ತಿದ್ದ.

ಸಂಸ್ಥೆಯ ಮುಖ್ಯಸ್ಥರಾದ ಗಂಗಹನುಮಯ್ಯನವರು ಹೋದ ವಾರ ಕರೆದು ಹೇಳಿದ್ದರು: "ಈ ಸಲ ಮೇಷ್ಟ್ರುಗಳಿಗೆ ಟ್ರೈನಿಂಗು ನೀವೇ ಕೊಡ್ಬೇಕು. ನಾನೂ ಬತ್ತೀನಿ. ನಿಮ್ಮನ್ನ ಮುಂದೆ ಏನ್ ಮಾಡೋದು ಅಂತ ಅವತ್ತೇ ತೀರ್ಮಾನ."

ಅದಕ್ಕೇ ವಾಸಿಂ ಇಡೀ ತರಬೇತಿಯನ್ನು ತನ್ನ ದನಿಯಲ್ಲೇ ಮುದ್ರಿಸಿಕೊಂಡಿದ್ದ. ಮನೆಯಲ್ಲಿ ತಲೆ ತುಂಬ ಕಂಬಳಿ ಹೊದ್ದು ಮೈಕಿನೊಂದಿಗೆ ಮಾತಾಡುತ್ತಿದ್ದವನನ್ನು ಕಂಡು ತಂಗಿ ಅಸ್ರಾ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ತಿಳಿದು ಇನ್ನಷ್ಟು ಗಾಬರಿಯಾಗಿದ್ದಳು. ಪಾಠದ ಚಿತ್ರಗಳನ್ನೆಲ್ಲ ಶಾಲೆಯ ಕಂಪ್ಯೂಟರಿಗೆ ಮೊದಲೇ ಹಾಕಿ ಬಂದಿದ್ದಾಗಿತ್ತು. ದನಿ ಇದ್ದದ್ದು ಸಿ.ಡಿ.ಯಲ್ಲಿ. ಆ ಸಿ.ಡಿ. ಈಗ ಹಪ್ಪಳವಾಗಿತ್ತು.

ಶಾಲೆಯ ಬಾಗಿಲಲ್ಲೇ ಹೆಡ್ಮೇಷ್ಟ್ರು ಚೆಲುವಯ್ಯನವರು ಕಾಯುತ್ತಿದ್ದರು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ತನಗೆ ಹಳತಾದ ಐದು ಕಂಪ್ಯೂಟರುಗಳನ್ನು ದಾನ ಕೊಟ್ಟು ವರ್ಷವಾಗಿತ್ತು. ಅವು ಹೂವಿನ ಬಟ್ಟೆಯ ಮುಸುಕು ಹಾಕಿಕೊಂಡು ಹಸೆಮಣೆಗೆ ಕಾದ ಹೆಣ್ಣುಗಳಂತೆ ಕೂತಿದ್ದವು.

"ಹೋದ ಸಲ ಬಂದಿದ್ದೋರು ಇಂಗ್ಲೀಷಲ್ಲಿ ಗದರಿಸಿ ಹೋದ್ರು ಸಾರ್. ನಮ್ಮೋರು ಹೆದ್ರುಬುಟ್ರು," ಎಂದರು ಚೆಲುವಯ್ಯ. "ಇವತ್ತೂ ತಲೆಗೆ ಹತ್ತಲಿಲ್ಲ ಅಂದ್ರೆ ಈ ರೂಮಿಗೂ ಅಕ್ಕಿ ಮೂಟೆ ತುಂಬ್ಸಬೇಕು ಅಂತ ನಮ್ಮ ಶಾಲಾ ಸಮಿತಿ ಅಧ್ಯಕ್ಷರು ದೇವರಾಜು ಕಾಯ್ತಾ ಅವ್ರೆ. ನಿಮ್ಮ ಬಾಯ್ಮಾತಿನ ಮೇಲೆ ನಿಂತೈತೆ ಎಲ್ಲಾ."

ಬಾಯ್ಮಾತು ಎಂಬುದನ್ನು ಕೇಳಿಯೇ ವಾಸಿಂನ ಬಾಯಿ ಒಣಗಿತು. ಕೋಣೆಯೊಳಗೆ ಹನ್ನೆರಡು ಮಂದಿ ಶಿಕ್ಷಕರು ಕೈಕಟ್ಟಿ ಕೂತಿದ್ದರು. ಅವನು ಅತ್ತಿತ್ತ ನೋಡಿದ. ಪಕ್ಕದಲ್ಲೇ ಬಿಸಿಯೂಟದ ಉಗ್ರಾಣ. ಅಲ್ಲಿ ಪ್ರಾರ್ಥನೆಗೆ ಬಳಸುವ ಮೈಕು, ಸ್ಪೀಕರು, ಅವಕ್ಕೊಂದು ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ. ಎರಡೂ ಕೋಣೆಗಳ ನಡುವೆ ಕಿಟಕಿ. ಅದರಿಂದ ಪರದೆಗಳೂ ಶಿಕ್ಷಕರ ಬೆನ್ನುಗಳೂ ಕಾಣುತ್ತಿದ್ದವು, ಮುಖಗಳು ಕಾಣುತ್ತಿರಲಿಲ್ಲ. ವಾಸಿಂಗೆ ಅಷ್ಟೇ ಬೇಕಿತ್ತು.

"ಕಂಪ್ಯೂಟರೇ... ಮಾತಾಡುತ್ತೆ ಸಾರ್. ನಾನು ಒಳಗೆ... ವೈರು ನೋಡ್ಕೋತೀನಿ," ಎಂದು ತೊದಲಿ, ಸ್ಪೀಕರನ್ನು ಕಂಪ್ಯೂಟರ್ ಮೇಜಿನ ಹಿಂದೆ ಇಟ್ಟು ಉಗ್ರಾಣ ಹೊಕ್ಕು ಬಾಗಿಲು ಎಳೆದುಕೊಂಡ.

ಅಕ್ಕಿ ಮೂಟೆಯ ಹಿಂದೆ ಕೂತು ಮೈಕು ಒತ್ತಿದ್ದೇ ತಡ, ಅವನು ಬೇರೆಯೇ ಮನುಷ್ಯನಾದ.

"ಗುರುಗಳೇ, ನಮಸ್ಕಾರ. ನಾನು ನಿಮ್ಮ ಕಂಪ್ಯೂಟರು. ಒಂದು ವರ್ಷದಿಂದ ಮುಸುಕಿನೊಳಗೆ ಕೂತು ಬೆವೆತಿದ್ದೀನಿ. ಮೌಸನ್ನ ಹೆದರಿಕೊಂಡು ಹಿಡೀಬೇಡಿ, ಅದು ಕಚ್ಚಲ್ಲ. ಕೋಳಿಮರಿ ಹಿಡಿದಂಗೆ ಮೆತ್ತಗೆ ಹಿಡೀರಿ."

ಶಿಕ್ಷಕರು ನಕ್ಕರು. ಕೈ ಬಿಚ್ಚಿ ಮೌಸು ಹಿಡಿದರು. ಬುಗುರಿ ತಿರುಗಿತು, ಕುದುರೆ ಓಡಿತು. ವಾಸಿಂ ಎಲ್ಲಿ ಒತ್ತಬೇಕೆಂದು ಹೇಳಿದ, ತಪ್ಪಿದವರನ್ನು ತಮಾಷೆ ಮಾಡಿ ತಿದ್ದಿದ, ಸರಿ ಮಾಡಿದವರಿಗೆ ಶಹಬ್ಬಾಸ್ ಎಂದ. ನಡುವೆ ಒಮ್ಮೆ ಮೆಣಸಿನಪುಡಿ ಡಬ್ಬಿಗೆ ಮೊಣಕೈ ತಾಗಿ ಘಾಟೆದ್ದಿತು. ಸ್ಪೀಕರಿನಿಂದ ಊರಿಗೇ ಕೇಳುವಂಥ ಸೀನು ಹೊರಟಿತು.

"ಕ್ಷಮಿಸಿ. ಒಳಗೆ ಧೂಳು ಜಾಸ್ತಿ," ಎಂದಿತು ಕಂಪ್ಯೂಟರು.

ಅಷ್ಟರಲ್ಲಿ ಅಧ್ಯಕ್ಷ ದೇವರಾಜು ಬಂದ. ಜಮೀನು ಕಾರ್ಖಾನೆಗೆ ಹೋದ ಮೇಲೆ ಅದೇ ಕಾರ್ಖಾನೆಗಳಿಗೆ ಆಳು ಒದಗಿಸುವ ಗುತ್ತಿಗೆ ಹಿಡಿದಿದ್ದವನು. ತನಗೆ ಗೊತ್ತಿಲ್ಲದ್ದು ಊರಲ್ಲಿ ನಡೆಯಬಾರದು ಎನ್ನುವ ಜಾಯಮಾನ. ಕಂಪ್ಯೂಟರು ಮಾತಾಡುವುದನ್ನು ಕೇಳಿ ಬಾಗಿಲಲ್ಲೇ ನಿಂತ.

"ಏನ್ ಮೇಷ್ಟ್ರೇ, ಇದು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತದಾ?"

"ಕೇಳಿ ನೋಡಿ ಅಧ್ಯಕ್ಷರೇ," ಎಂದರು ಚೆಲುವಯ್ಯ ಗಂಭೀರವಾಗಿ.

ದೇವರಾಜು ಶಲ್ಯ ಸರಿಮಾಡಿಕೊಂಡು ಕಂಪ್ಯೂಟರಿಗೆ ಕೈ ಮುಗಿದ. "ಸ್ವಾಮಿ, ನಮ್ಮ ಬಾಮೈದ ಮೂರು ಕಾರ್ಖಾನೆ ಬುಟ್ಟು ಬಂದವ್ನೆ. ನಾಕನೇದ್ರಲ್ಲಿ ನಿಲ್ತಾನಾ?"

ಉಗ್ರಾಣದಲ್ಲಿ ವಾಸಿಂ ಬೆವರಿದ. ಸುಮ್ಮನಿದ್ದರೆ ಕಂಪ್ಯೂಟರಿನ ಮರ್ಯಾದೆ ಹೋಗುತ್ತದೆ. "ಬೆಳಿಗ್ಗೆ ಬೇಗ ಏಳ್ತಾನಾ?" ಎಂದ.

"ಹತ್ತು ಗಂಟೆಗೆ ಏಳ್ತಾನೆ ಸ್ವಾಮಿ!"

"ಹಾಗಾದ್ರೆ ನಿಲ್ಲಲ್ಲ."

ದೇವರಾಜು ಮೇಜಿನ ಮೇಲೆ ಕೈ ಬಡಿದ. "ಕಂಡಂಗೆ ಹೇಳ್ಬುಡ್ತು ಕಣ್ರೀ!" ಆಚೆ ಓಡಿ ಹೋಗಿ ಮೂರ್ನಾಲ್ಕು ಜನರನ್ನು ಕರೆತಂದ. ಒಬ್ಬ ಬೋರ್‌ವೆಲ್ ಎಲ್ಲಿ ಕೊರೆಸಲೆಂದು ಕೇಳಿದ. ಇನ್ನೊಬ್ಬ ಮಗಳ ಜಾತಕವನ್ನೇ ಪರದೆಗೆ ಹಿಡಿದ. "ನಾನು ಪಾಠದ ಕಂಪ್ಯೂಟರು, ಜೋಯಿಸರದಲ್ಲ" ಎಂದು ವಾಸಿಂ ಅಂಗಲಾಚಿದ. ಯಾರು ಕೇಳುತ್ತಾರೆ!

ಗದ್ದಲದ ನಡುವೆ ಅಡುಗೆಯ ಕೆಂಚಮ್ಮ ಸೌಟು ಹಿಡಿದೇ ಒಳಗೆ ಬಂದಳು. ಎಲ್ಲರನ್ನೂ ಸರಿಸಿ ಮುಂದೆ ನಿಂತಳು.

"ಕಾರ್ಖಾನೆ ಕ್ಯಾಂಟೀನಿಗೆ ಜನ ಬೇಕಂತೆ. ಅಲ್ಲಿ ಲೆಕ್ಕ ಎಲ್ಲಾ ಕಂಪ್ಯೂಟರ್ನಾಗಂತೆ. ನಾಕ್ನೇ ಕ್ಲಾಸ್ ಓದಿವ್ನಿ. ನನ್ನಂತೋಳ್ಗೆ ನೀನು ಕಲಿಸ್ಕೊಟ್ಟೀಯಾ, ಇಲ್ಲಾ ಮೇಷ್ಟ್ರಿಗೆ ಮಾತ್ರವಾ?"

ವಾಸಿಂ ಕಣ್ಣು ಮುಚ್ಚಿದ. ಮನಸ್ಸಿಟ್ಟು ಮಾತಾಡುವಾಗ ಅವನು ಹಾಗೆಯೇ.

"ಕಲಿಸ್ತೀನಿ ಕೆಂಚಮ್ಮ," ಎಂದ. ಹೆಸರು ಗೊತ್ತಿತ್ತು, ಹೋದ ವಾರ ಚಿತ್ರ ಹಾಕಲು ಬಂದಿದ್ದಾಗ ಅವಳೇ ಊಟ ಬಡಿಸಿದ್ದಳು. "ನೂರಾರು ಮಕ್ಕಳಿಗೆ ಉಪ್ಪು ಖಾರ ತಪ್ಪದಂಗೆ ಅಳತೆ ಇಟ್ಕೊಂಡಿರೋ ತಲೆಗೆ ಈ ಗುಂಡಿಗಳು ಯಾವ ಲೆಕ್ಕ? ಇದನ್ನ ಮಾಡಿದೋರೂ ನಮ್ಮಂಗೆ ತಪ್ಪು ಒತ್ತಿ ಒತ್ತಿಯೇ ಕಲಿತಿದ್ದು. ನನಗೂ ಮೊದಲು ಕೈ ನಡುಗ್ತಿತ್ತು. ಈಗಲೂ ನಾಲ್ಕು ಜನರ ಮುಂದೆ ನಡುಗುತ್ತೆ..."

ಯಾರೋ ಕಿಸಕ್ಕೆಂದರು. ವಾಸಿಂ ಕಣ್ಣು ಬಿಟ್ಟು ಕಿಟಕಿಯಲ್ಲಿ ನೋಡಿದ. ಐದೂ ಪರದೆಗಳು ಕಪ್ಪಾಗಿದ್ದವು. ಫ್ಯಾನು ನಿಂತಿತ್ತು. ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ! ಸತ್ತ ಕಂಪ್ಯೂಟರು ಟ್ರ್ಯಾಕ್ಟರ್ ಬ್ಯಾಟರಿಯ ದಯೆಯಿಂದ ತನ್ನ ಕಷ್ಟಸುಖ ಹೇಳಿಕೊಳ್ಳುತ್ತಿತ್ತು.

ಉಗ್ರಾಣದ ಬಾಗಿಲು ದಡಾರನೆ ತೆರೆಯಿತು. ಮೆಣಸಿನಪುಡಿ ಮೆತ್ತಿಕೊಂಡು ಮೈಕು ತಬ್ಬಿ ಕೂತಿದ್ದವನನ್ನು ಕಂಡು ದೇವರಾಜುವಿನ ಕಣ್ಣು ಇವನ ಕಣ್ಣಿಗಿಂತ ಕೆಂಪಾಯಿತು.

"ಏನ್ರೀ ಇದು ನಾಟ್ಕ? ನನ್ ಕೈಲಿ ಕೈ ಮುಗಿಸ್ಕಂಡ್ರಲ್ರೀ! ಮೇಷ್ಟ್ರೇ, ಹಾಕ್ರಿ ರೂಮಿಗೆ ಬೀಗ. ಇವತ್ತೇ ಅಕ್ಕಿ ತುಂಬ್ಸಿ!"

ವಾಸಿಂಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

"ಕೂತ್ಕಳಿ ಅಧ್ಯಕ್ಷರೇ," ಎಂದರು ಚೆಲುವಯ್ಯ. "ನಮ್ಗೆಲ್ಲ ಆ ಸೀನಿಗೇ ಗೊತ್ತಾಯ್ತು. ಯಾವ ಕಂಪ್ಯೂಟರಿಗೆ ಖಾರದ ಘಾಟು ಹತ್ತುತ್ತೆ? ಹೇಳಿದ್ರೆ ಇವರು ನಿಲ್ಲಿಸ್ಬುಡ್ತಾರೆ ಅಂತ ಸುಮ್ನಿದ್ವಿ. ಒಂದು ವರ್ಷದಿಂದ ತಲೆಗೆ ಹತ್ತದೇ ಇದ್ದಿದ್ದು ಇವತ್ತು ಹತ್ತುತಾ ಐತೆ."

"ಬೀಗ ಗೀಗ ಅಂದ್ರೆ ನಾಳೆಯಿಂದ ಸೌಟು ನೀವೇ ಹಿಡೀರಿ," ಎಂದಳು ಕೆಂಚಮ್ಮ ದೇವರಾಜುವಿಗೆ. ಆಮೇಲೆ ವಾಸಿಂ ಕಡೆ ತಿರುಗಿ, "ಕಲಿಸ್ತೀನಿ ಅಂದ್ಯಲ್ಲಪ್ಪ. ಈಚೆ ಬಾ," ಎಂದಳು.

ಮೈಕನ್ನು ಮೂಟೆಯ ಮೇಲಿಟ್ಟು ವಾಸಿಂ ಈಚೆ ಬಂದ. ಕರೆಂಟಿರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕಂಬಳಿಯಗಲ ಕೀಬೋರ್ಡು ಬರೆದ. ಬರೆಯುವಾಗ ತಲೆ ತಗ್ಗಿಸಿರಬಹುದಲ್ಲ! ಒಬ್ಬೊಬ್ಬರಾಗಿ ಅಕ್ಷರದಿಂದ ಅಕ್ಷರಕ್ಕೆ ಹೆಜ್ಜೆಯಿಟ್ಟು ತಮ್ಮ ಹೆಸರು ತುಳಿದರು. ಚೆಲುವಯ್ಯನವರು ಕುಂಟೆಬಿಲ್ಲೆ ಆಡುವವರಂತೆ ಕುಪ್ಪಳಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ವಾಸಿಂ ಕೂಡ. ನಗುತ್ತ ತಲೆ ಎತ್ತಿದ, ಎದುರಿಗಿದ್ದ ಮುಖಗಳನ್ನೇ ನೋಡುತ್ತ ಮಾತಾಡತೊಡಗಿದ. ಮಾತು ನಿಲ್ಲಲಿಲ್ಲ. ಕರೆಂಟು ಬಂದಾಗ ಮೊದಲು ಕೂತವಳು ಕೆಂಚಮ್ಮ. ಒಂದೊಂದೇ ಬೆರಳೂರಿ ಪರದೆಯ ಮೇಲೆ ತನ್ನ ಹೆಸರು ಮೂಡಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ದೇವರಾಜು ಯಾರೂ ನೋಡದ ಹಾಗೆ ಕೊನೆಯ ಕಂಪ್ಯೂಟರಿನ ಮೌಸನ್ನು ಮೆತ್ತಗೆ ಹಿಡಿದು ನೋಡುತ್ತಿದ್ದ.

ಆಗ ಹಿಂದಿನ ಬೆಂಚಿನಿಂದ ಗಂಗಹನುಮಯ್ಯನವರು ಎದ್ದರು. ಯಾವಾಗ ಬಂದು ಕೂತಿದ್ದರೋ! ವಾಸಿಂನನ್ನು ಹೊರಗೆ ಹೊಂಗೆ ಮರದ ಕೆಳಗೆ ಕರೆದೊಯ್ದರು.

"ಎಲ್ಲಾ ನೋಡ್ದೆ ಕಣ್ರೀ. ಒಂದು ವಿಷ್ಯ ಹೇಳ್ತೀನಿ. ಆಫೀಸಿನಲ್ಲಿ ಹಿಂದಿನ ರೂಮು ನಿಮಗೇ ಅಂತ ಖಾಲಿ ಮಾಡ್ಸಿದ್ದೆ. ಬಾಗಿಲು ಹಾಕ್ಕಂಡು ಪಾಠ ತಯಾರಿಸ್ತಾ ಕೂತ್ರೆ ಆಯ್ತು. ಮೀಟಿಂಗಿಲ್ಲ, ಟ್ರೈನಿಂಗಿಲ್ಲ, ಯಾರ ಜೊತೆಗೂ ಮಾತಿಲ್ಲ."

ವಾಸಿಂನ ಮುಖ ಪೂರ್ತಿ ಅರಳಿತು. ಅವನು ವರ್ಷಗಳಿಂದ ಕನಸಿನಲ್ಲಿ ಕಂಡ ಕೋಣೆ ಅದು.

"ಮೇಷ್ಟ್ರುಗಳ ಮುಂದೆ ನೀವು ಬಾಯಿ ಬಿಡೋದಿಲ್ಲ ಅಂತ ನನಗೆ ಗ್ಯಾರಂಟಿ ಇತ್ತು. ಇವತ್ತು ಅದೊಂದು ಖಾತ್ರಿ ಆಗಿದ್ರೆ ಸಂಜೆಗೇ ಆರ್ಡರು ಕೈಗೆ ಕೊಡ್ತಿದ್ದೆ," ಎಂದು ಅವರು ಬೆನ್ನು ತಟ್ಟಿದರು. "ಈಗ ಹೆಂಗ್ರೀ ಕೊಡ್ಲಿ? ಸೋಮವಾರದಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಕೂ ತಾಲ್ಲೂಕಿಗೆ ನೀವೇ ಮುಖ್ಯ ತರಬೇತುದಾರರು."

"ಸಾರ್, ಆ... ಆ ರೂಮು?"

"ಅದನ್ನ ನಿಮ್ಮ ಪಕ್ಕದ ಮೇಜಿನ ದಿಲ್ಶಾದ್‌ಗೆ ಕೊಟ್ಬುಡ್ತೀನಿ. ಆಫೀಸಲ್ಲಿ ಅವನ ಮಾತು ತಡ್ಕಳಾಕಾಗ್ತಿಲ್ಲ."

ಆಗುವುದಿಲ್ಲ ಎಂದೇ ಹೇಳಿಬಿಡಬೇಕೆಂದು ವಾಸಿಂ ಎದೆ ಗಟ್ಟಿ ಮಾಡಿಕೊಂಡ. ಆಶ್ಚರ್ಯವೆಂದರೆ ಮಾತು ನಾಲಿಗೆಯ ತುದಿಗೇ ಬಂದು ನಿಂತಿತು. "ಸಾರ್, ನನ್ನ ಕೈಲಿ..." ಎಂದ.

ಒಳಗಿನಿಂದ ಕೆಂಚಮ್ಮನ ಕೂಗು: "ಸಾರ್, ಓಡ್ಬನ್ನಿ! ನನ್ ಹೆಸ್ರು ಎಲ್ಲೋ ಹೊಂಟೋಯ್ತು!"

"ಏನೂ ಒತ್ಬೇಡಿ ಕೆಂಚಮ್ಮ, ಬಂದೆ!" ಎಂದು ಶಾಲೆಯೇ ಮೊಳಗುವಂತೆ ಕೂಗಿ ವಾಸಿಂ ಓಡಿದ. ಹೆಸರನ್ನು ಹುಡುಕಿಕೊಟ್ಟು ತಿರುಗಿ ಬರುವಷ್ಟರಲ್ಲಿ ಗಂಗಹನುಮಯ್ಯನವರ ಜೀಪು ಧೂಳೆಬ್ಬಿಸಿಕೊಂಡು ಹಾರೋಹಳ್ಳಿ ರಸ್ತೆ ಹಿಡಿದಿತ್ತು.