ತೊಂದರೆ ಇಲ್ಲ, ಅವಸರವೂ ಇಲ್ಲ

ಕೆಲವರ ಮನೆಯಲ್ಲಿ ಕೆಲಸ ಕೆಡಬೇಕಾದರೆ ಕೇಡು ಬಯಸುವವರು ಯಾರಾದರೂ ಬೇಕಾಗುತ್ತಾರೆ. ನಮ್ಮ ಮನೆಯಲ್ಲಿ ಒಳ್ಳೆಯವರೇ ಸಾಕು. ಅದರಲ್ಲೂ ನಾನೊಬ್ಬಳಿದ್ದರೆ ಬೇರೆ ಯಾರೂ ಬೇಕಿಲ್ಲ.

ನಾನು ಹಾವೇರಿ ಕಡೆಯವಳು. ಬ್ಯಾಂಕಿನವರು ಎತ್ತಿ ವಿಜಯವಾಡಕ್ಕೆ ಹಾಕಿ ಮೂರು ವರ್ಷವಾಯಿತು. ಬೆಂಜ್ ಸರ್ಕಲ್ ಹತ್ತಿರದ ನಮ್ಮ ಕಚೇರಿಗೆ ಗಿರಾಕಿಗಳು ಬರುವುದಿಲ್ಲ, ಅವರ ಸಾಲದ ಅರ್ಜಿಗಳು ಬರುತ್ತವೆ, ಅವೂ ಇಂಗ್ಲಿಷಿನಲ್ಲಿ. ಮಗಳು ಕಾಲೇಜಿನ ಗೆಳತಿಯರ ಜೊತೆ ಹರಟಿಯೇ ತೆಲುಗು ಕಲಿತುಬಿಟ್ಟಳು. ನಾನು ಕಲಿಯಲಿಲ್ಲ. ಕಲಿಯುವುದೇನಿದೆ? ಕನ್ನಡದ ಪದಕ್ಕೆ ಕೊನೆಯಲ್ಲೊಂದು ಸೊನ್ನೆ ಹಚ್ಚಿ, ಮರ್ಯಾದೆಗೆ ಒಂದು 'ಅಂಡಿ' ಸೇರಿಸಿದರೆ ತೆಲುಗಾಯಿತು ಎಂದು ನಂಬಿದ್ದೆ.

ಮಗಳು ಬಿ.ಎಸ್ಸಿ. ಎರಡನೇ ವರ್ಷ. ಆಟೋನಗರದ ಗ್ಯಾರೇಜುಗಳ ಮುಂದೆ ಎಂಜಿನ್ ಆಯಿಲ್ ಕುಡಿದು ಕಪ್ಪಾದ ಮಣ್ಣಿದೆಯಲ್ಲ, ಅದರೊಳಗೆ ಆ ಎಣ್ಣೆಯನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳಿರುತ್ತವಂತೆ. ಅವನ್ನು ಹಿಡಿದು ಬೆಳೆಸಬೇಕೆಂಬುದು ಅವಳ ಹುಚ್ಚು. ವಿಶಾಖಪಟ್ಟಣದ ಒಂದು ಸಂಸ್ಥೆ ಪದವಿ ಓದುವವರ ಸ್ವಂತ ಸಂಶೋಧನೆಗೆ ಅನುದಾನ ಕೊಡುತ್ತದೆ. ಅನುದಾನ ಸಿಕ್ಕವರಿಗೆ ಮಾತ್ರ ಅವರ ಪ್ರಯೋಗಾಲಯದ ಬಾಗಿಲು ತೆರೆಯುತ್ತದೆ. ನನ್ನ ಸಂಬಳ ಸುರಿದರೂ ಆ ಬಾಗಿಲು ತೆರೆಯುವುದಿಲ್ಲ. ಅದೂ ಎರಡನೇ ವರ್ಷದವರಿಗೆ ಮಾತ್ರ. ಈ ಸಲ ತಪ್ಪಿದರೆ ತಪ್ಪಿಹೋಯಿತು.

ಯಾರೂ ಮಾಡಿರಬಾರದು, ಯಾರಾದರೂ ಮಾಡಿರಬೇಕು

ಮೊದಲ ಪೆಟ್ಟು ಅವಳ ಮಾರ್ಗದರ್ಶಕ ಮೇಷ್ಟ್ರಿಂದ. ಅರ್ಜಿ ನೋಡಿ, "ವಿಷಯ ಹೊಸದಾಗಿರಬೇಕಮ್ಮಾ, ಹಿಂದೆ ಯಾರೂ ಮಾಡಿರಬಾರದು" ಎಂದರಂತೆ. ಯಾರೂ ಮಾಡಿಲ್ಲ ಸರ್ ಎಂದಳು. ಮೇಷ್ಟ್ರು ಗಾಬರಿಯಾದರು. "ಯಾರೂ ಮಾಡದೆ ಇದ್ದರೆ ಅದು ಆಗುತ್ತೆ ಅಂತ ಹೇಗೆ ನಂಬೋದು? ಮಾಡಿದವರ ಹೆಸರು ಹಾಕು."

ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ: ನಿಮ್ಮ ಸಂಶೋಧನೆಯಿಂದ ಏನು ಗೊತ್ತಾಗುತ್ತದೆ?

"ಅದು ಮೊದಲ ಗೊತ್ತಿದ್ರ ನಾ ಯಾಕ ಹುಡುಕ್ಲಿ, ಅವ್ವಾ?" ಎಂದು ಮಗಳು ಪೆನ್ನು ಎಸೆದಳು.

ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಹಣ ಬೇಕಾಗಿಲ್ಲ ಎಂದು ಕಾಗದಪತ್ರ ಸಮೇತ ತೋರಿಸಿದವರಿಗೇ ಅಲ್ಲವೇ ನಾವೂ ಸಾಲ ಕೊಡುವುದು?

ಗ್ಯಾರೇಜಿನ ಗೌರವ

ಆಟೋನಗರದ ಗ್ಯಾರೇಜಿನ ಯಜಮಾನರು ದೇವರಂಥವರು. ಮೊದಲ ದಿನ ಇವಳು ಒಂದು ಡಬ್ಬಿ ಮಣ್ಣು ಕೆರೆದುಕೊಂಡಾಗ ಕುರ್ಚಿ ಹಾಕಿ, ಚಹಾ ತರಿಸಿ ಕೊಟ್ಟರು. ಮುಂದಿನ ವಾರ ಮತ್ತೆ ಬಂದು ಜಾಸ್ತಿ ಮಣ್ಣು ಒಯ್ಯುತ್ತೇನೆ ಎಂದಳು. ಬಾಮ್ಮಾ ಎಂದರು.

ಮುಂದಿನ ವಾರ ಹೋದರೆ ಗ್ಯಾರೇಜಿನ ಮುಂದೆ ಹೊಳೆಯುವ ಹೊಸ ಜಲ್ಲಿ. ಅದರ ಮೇಲೆ ರಂಗೋಲಿ ಎಳೆದ ಹಾಗೆ ಬ್ಲೀಚಿಂಗ್ ಪೌಡರ್.

"ಓದೋ ಹುಡುಗಿ, ಆ ಹೊಲಸಿನಾಗ ಕೈ ಹಾಕೋದು ನೋಡಿ ನಮಗೇ ನಾಚಿಕಿ ಆತು ಅಂದ್ರವ್ವಾ" ಎಂದು ಮಗಳು ಮನೆಗೆ ಬಂದು ಹೇಳಿದಳು. ನಗಲಿಲ್ಲ. ಅವರನ್ನು ನೋಡಿ ಅಕ್ಕಪಕ್ಕದವರೂ ಜಲ್ಲಿ ಹಾಕಿಸಿದ್ದರಂತೆ. ಎಷ್ಟೋ ವರ್ಷ ಎಣ್ಣೆ ತಿಂದು ಸುಖವಾಗಿದ್ದ ಜೀವಿಗಳು ಇವಳು ಸಂಶೋಧನೆ ಮಾಡುತ್ತಾಳೆಂಬ ಒಂದೇ ಕಾರಣಕ್ಕೆ ಸತ್ತವು.

ಉಳಿದದ್ದು ನಮ್ಮ ಫ್ರಿಜ್ಜಿನಲ್ಲಿದ್ದ ಆ ಮೊದಲ ಡಬ್ಬಿ. ಮೇಲೆ 'ಮುಟ್ಟಬಾರದು' ಎಂದು ಕನ್ನಡದಲ್ಲಿ ಬರೆದಿದ್ದಳು. ಮನೆಯಲ್ಲಿ ಇರುವವರು ಇಬ್ಬರೇ.

ತೊಂದರ

ಅರ್ಜಿಗೆ ಪ್ರಿನ್ಸಿಪಾಲರ ಸಹಿ ಆಗಬೇಕಿತ್ತು. ಮಗಳಿಗೆ ಪರೀಕ್ಷೆ ಎಂದು ಕಾಲೇಜಿನ ಆಫೀಸಿಗೆ ನಾನೇ ಹೋದೆ. ಗುಮಾಸ್ತರು ಬಹಳ ಸೌಮ್ಯ. ಅರ್ಜಿ ತೆಗೆದುಕೊಂಡು, "ತೊಂದರ ಉಂದಾ ಮೇಡಂ?" ಎಂದು ಕೇಳಿದರು.

ಪಾಪ, ತೊಂದರೆ ಇದೆಯಾ ಎಂದು ವಿಚಾರಿಸುವವರು ಈ ಕಾಲದಲ್ಲಿ ಯಾರಿದ್ದಾರೆ? "ತೊಂದರ ಏಮೀ ಲೇದಂಡಿ", ಏನೂ ಇಲ್ಲ ಎಂದೆ. ಅವರು ಖುಷಿಯಿಂದ ಅರ್ಜಿಯನ್ನು ಬೀರುವಿನ ಕೆಳಗಿನ ಖಾನೆಗೆ ಹಾಕಿದರು.

ವಾರ ಕಳೆದು ಹೋದೆ. ಅದೇ ಪ್ರಶ್ನೆ, ಅದೇ ಉತ್ತರ. ಅರ್ಜಿ ಅದೇ ಖಾನೆಯಲ್ಲಿ. ಕೊನೆಗೆ ಪರೀಕ್ಷೆ ಮುಗಿಸಿದ ಮಗಳೇ ಓಡಿಹೋಗಿ, ಗಡುವಿನ ದಿನ ಸಹಿ ಮಾಡಿಸಿಕೊಂಡು ಬಂದಳು.

"ತೆಲುಗಿನ್ಯಾಗ ತೊಂದರ ಅಂದ್ರ ಗಡಿಬಿಡಿ ಅಂತ ಅರ್ಥ, ಅವ್ವಾ. ನೀ ಹೋದಾಗೆಲ್ಲಾ ಗಡಿಬಿಡಿ ಏನಿಲ್ಲ ಅಂತ ಹೇಳಿ ಬಂದಿ."

ಒಂದು ಪದ ಕಲಿತೆ ಎಂದು ಸಮಾಧಾನ ಮಾಡಿಕೊಂಡೆ. ಒಂದಕ್ಕೇ ನಿಲ್ಲಿಸಿದ್ದು ನನ್ನ ಗ್ರಹಚಾರ.

ಅವಸರಂ

ಸಂದರ್ಶನಕ್ಕೆ ವಿಶಾಖಪಟ್ಟಣದಿಂದ ಕರೆ ಬಂತು. ಹುಡುಗಿ ಗ್ಯಾರೇಜುಗಳಲ್ಲಿ ಓಡಾಡುವ ಕೆಲಸವಾದ್ದರಿಂದ ಮನೆಯ ಹಿರಿಯರೊಬ್ಬರು ಬಂದು ಒಪ್ಪಿಗೆ ಹೇಳಬೇಕಿತ್ತು. ಹಾಗಾಗಿ ನಾನೂ ರೈಲು ಹತ್ತಿದೆ.

ಮಗಳು ಚೆನ್ನಾಗಿ ಮಾತಾಡಿದಳೆಂದು ಬಾಗಿಲ ಹೊರಗೆ ಕೂತ ನನಗೂ ಗೊತ್ತಾಯಿತು. ಒಳಗೆ ಸಮಿತಿಯ ಮೂವರೂ ಒಂದೇ ಸಮ ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಅವಳನ್ನು ಹೊರಗೆ ಕಳಿಸಿ ನನ್ನನ್ನು ಕರೆದರು. ಅಧ್ಯಕ್ಷರು ಹಿರಿಯರು, ಮಾತು ಮೃದು. ಒಪ್ಪಿಗೆಯ ಮಾತು ಮುಗಿದ ಮೇಲೆ ಕೇಳಿದರು:

"ಮೇಡಂ, ಈ ಗ್ರಾಂಟು ಮೀಕು ನಿಜಂಗಾ ಅವಸರಮಾ?"

ನಿಮಗೆ ನಿಜವಾಗಿಯೂ ಅವಸರವೇ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ; ನನ್ನೊಳಗಿನ ಬ್ಯಾಂಕಿನವಳು ಎಚ್ಚೆತ್ತಳು. ಹಣಕ್ಕೆ ಅವಸರ ಮಾಡುವ ಗಿರಾಕಿಯನ್ನು ಕಂಡರೆ ನಾವು ಮೊದಲು ಅನುಮಾನಪಡುತ್ತೇವೆ. ಬೆನ್ನು ನೆಟ್ಟಗೆ ಮಾಡಿ ಕೂತು, "ಅವಸರಂ ಏಮೀ ಲೇದಂಡಿ" ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. "ಅಸಲು ಅವಸರಮೇ ಲೇದಾ?"

"ಅಸಲು ಲೇದಂಡಿ" ಎಂದು ನಕ್ಕೆ. ಅವರೂ ನಕ್ಕರು. ಅಧ್ಯಕ್ಷರು ಎದ್ದು ನಿಂತು ಕೈ ಮುಗಿದರು. ಇಷ್ಟು ಮರ್ಯಾದೆ ನನಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಸಂಜೆ ಸಮುದ್ರದ ದಂಡೆಯಲ್ಲಿ ಇಬ್ಬರೂ ಮಂಡಕ್ಕಿ ತಿಂದೆವು. ಮಗಳು ಬಹಳ ದಿನಗಳ ಮೇಲೆ ನಗುತ್ತಿದ್ದಳು. ಪ್ರಯೋಗಾಲಯಕ್ಕೆ ಆ ಡಬ್ಬಿಯನ್ನು ರೈಲಿನಲ್ಲಿ ಹೇಗೆ ಒಯ್ಯುವುದು ಎಂದೇ ಮಾತಾಡಿದಳು.

ಎರಡು ವಾರದ ಮೇಲೆ ಉತ್ತರ ಬಂತು. ಅರ್ಜಿ ಬಹಳ ಚೆನ್ನಾಗಿದೆ. ಆದರೆ ಅನುದಾನದ ಅಗತ್ಯ ತಮಗಿಲ್ಲವೆಂದು ತಾಯಿಯವರು ದೊಡ್ಡ ಮನಸ್ಸಿನಿಂದ ತಿಳಿಸಿದ್ದರಿಂದ ಅದನ್ನು ಬೇರೆಯವರಿಗೆ ಕೊಡಲಾಗಿದೆ. ಅವರಿಗೆ ನಮ್ಮ ಕೃತಜ್ಞತೆಗಳು.

"ಅವ್ವಾ, ಅಲ್ಲಿ ಏನಂದಿ ನೀ?"

ಹೇಳಿದೆ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. "ಅವಸರಂ ಅಂದ್ರ ಬೇಕಾಗಿರೋದು. ಒಟ್ಟ ಬೇಕಾಗೇ ಇಲ್ಲ ಅಂತ ಹೇಳಿ ಬಂದೀಯವ್ವಾ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಫ್ರಿಜ್ ತೆಗೆದು ಡಬ್ಬಿ ನೋಡಿ ಮತ್ತೆ ಮುಚ್ಚಿದಳು.

ನಾಳೆ ಬೆಳಗಿನ ರೈಲಿಗೆ ಅವಳು ಮತ್ತೆ ವಿಶಾಖಪಟ್ಟಣಕ್ಕೆ ಹೊರಟಿದ್ದಾಳೆ. ಅನುದಾನ ಹೋದರೆ ಹೋಗಲಿ, ಪ್ರಯೋಗಾಲಯದ ಒಂದು ಮೂಲೆಯಾದರೂ ಕೊಡಿ ಎಂದು ಅಧ್ಯಕ್ಷರನ್ನು ಕೇಳುತ್ತಾಳಂತೆ. ಕೊಡುತ್ತಾರೆಂಬ ನಂಬಿಕೆ ನನಗಿಲ್ಲ. ಅವಳಿಗೂ ಇದ್ದ ಹಾಗೆ ಕಾಣುವುದಿಲ್ಲ. ಆದರೂ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಾಳೆ.

"ನಾನೂ ಬರ್ಲೇನವಾ?" ಎಂದು ಕೇಳಿದೆ.

"ಅವಸರ ಇಲ್ಲ" ಎಂದಳು.

ಯಾವ ಭಾಷೆಯಲ್ಲಿ ಅಂದಳು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.